ಕ್ಯಾಮ್‌ಕಾರ್ಡರ್‌ನ ಎಂಟಿಎಸ್ ಫೈಲುಗಳು ಟ್ಯಾಬ್ಲೆಟ್‌ನಲ್ಲಿ: ಚಿತ್ರವಿದೆ, ಶಬ್ದವಿಲ್ಲ

ಕಡಲತಡಿ (ಪ್ರಶ್ನೆ)

ನಮಸ್ಕಾರ. 2012ರಲ್ಲಿ ನಮ್ಮೂರಿನಲ್ಲಿ ನಡೆದ ಮೂರು ಗಂಟೆಯ ಕಾಲಮಿತಿ ಯಕ್ಷಗಾನವೊಂದನ್ನು ಕ್ಯಾಮ್‌ಕಾರ್ಡರ್‌ನಲ್ಲಿ ಚಿತ್ರೀಕರಿಸಿದ್ದೆ. ಅದನ್ನು ತಂದೆಯವರ ಎಂಟು ಅಂಗುಲದ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಹಾಕಿಕೊಡಲು ಹೊರಟು ಒಂದು ವಾರವಾಯಿತು, ಇನ್ನೂ ಸರಿಹೋಗಿಲ್ಲ. ಕಾರ್ಡಿನ ಸ್ಟ್ರೀಮ್ ಎಂಬ ಫೋಲ್ಡರಿನಲ್ಲಿ ತಲಾ 2 ಜಿಬಿಯಷ್ಟಿರುವ ಹನ್ನೆರಡು ಎಂಟಿಎಸ್ (ಕ್ಯಾಮ್‌ಕಾರ್ಡರ್ ಬರೆಯುವ ವಿಡಿಯೊ ರೂಪ) ಫೈಲುಗಳಿವೆ. ಹಾಗೆಯೇ ನಕಲಿಸಿದರೆ ಚಿತ್ರ ಬರುತ್ತದೆ, ಶಬ್ದ ಬರುವುದಿಲ್ಲ. ಹೆಸರಿನ ಕೊನೆಯಲ್ಲಿ ಎಂಟಿಎಸ್ ತೆಗೆದು ಎಂಪಿ4 ಎಂದು ಬರೆದು ನೋಡಿದೆ, ಪ್ರಯೋಜನವಾಗಲಿಲ್ಲ. ನಂತರ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದಲ್ಲಿ ಒಂದೊಂದನ್ನೇ ಎಂಪಿ4ಗೆ ಪರಿವರ್ತಿಸಿ, ಹನ್ನೆರಡನ್ನೂ ಜೋಡಿಸಿದಾಗ ಶಬ್ದವೇನೋ ಬಂತು. ಆದರೆ ವೇಷಧಾರಿ ದಿಗಿಣ ಹಾಕುವಾಗ, ಅಂದರೆ ಹಾರಿ ಸುತ್ತುವಾಗ, ಕೈಕಾಲುಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಕಾಣುತ್ತವೆ. ಮದ್ದಳೆ ಬಲ್ಲ ತಂದೆಯವರಂತೂ ಹದಿನೈದು ನಿಮಿಷಕ್ಕೊಮ್ಮೆ ಚೆಂಡೆಯ ಒಂದು ಪೆಟ್ಟು ನುಂಗಿಹೋಗಿದೆ ಎಂದು ಬೆರಳು ಮಡಚಿ ಲೆಕ್ಕ ತೋರಿಸಿದರು. ಇದಲ್ಲದೆ, ಜೋಡಿಸಿದ ಫೈಲನ್ನು 32 ಜಿಬಿ ಮೆಮೊರಿ ಕಾರ್ಡ್‌ಗೆ ಹಾಕಲು ಹೋದರೆ, ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿಯಿದ್ದರೂ, ಫೈಲು ತೀರ ದೊಡ್ಡದು ಎಂಬ ಸಂದೇಶ ಬರುತ್ತದೆ. ದಯವಿಟ್ಟು ದಾರಿ ತೋರಿಸಿ.

ಮಲೆನಾಡಿಗ

ಪರಿವರ್ತನೆಯ ಗೋಜಿಗೇ ಹೋಗಬೇಡಿ. ಟ್ಯಾಬ್ಲೆಟ್‌ಗೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಹಾಕಿಕೊಂಡರೆ ಮೂಲ ಎಂಟಿಎಸ್ ಫೈಲಿನಲ್ಲೇ ಶಬ್ದ ಬರುತ್ತದೆ. ನಿಮ್ಮ ಕ್ಯಾಮೆರಾ ಶಬ್ದವನ್ನು ಎಸಿ3 ರೂಪದಲ್ಲಿ ಬರೆದಿರುತ್ತದೆ. ಅದನ್ನು ಬಿಡಿಸುವ ಡೀಕೋಡರ್‌ಗೆ ಪರವಾನಗಿ ಶುಲ್ಕ ಕಟ್ಟಬೇಕಾಗಿದ್ದ ಕಾರಣ ಅಗ್ಗದ ಟ್ಯಾಬ್ಲೆಟ್‌ಗಳ ಜೊತೆಗೆ ಬರುವ ಪ್ಲೇಯರ್‌ಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ವಿಎಲ್‌ಸಿ ತನ್ನ ಡೀಕೋಡರ್‌ಗಳನ್ನು ತಾನೇ ಹೊತ್ತು ತರುತ್ತದೆ.

ಹಳೇ ರೀಲು

ಮಲೆನಾಡಿಗರು ಶಬ್ದದ ಬಗ್ಗೆ ಹೇಳಿದ್ದು ಸರಿ. ಆದರೆ ಹನ್ನೆರಡು ತುಂಡುಗಳನ್ನು ಹಿರಿಯರೊಬ್ಬರು ಒಂದಾದ ಮೇಲೊಂದು ತೆರೆದು ನೋಡಬೇಕೆನ್ನುವುದು ನ್ಯಾಯವಲ್ಲ, ಮೇಲಾಗಿ ನುಂಗಿಹೋದ ಪೆಟ್ಟಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನಿಮ್ಮದು ಒಂದು ತೊಂದರೆಯಲ್ಲ, ಬೇರೆ ಬೇರೆ ಕಾರಣಗಳಿರುವ ನಾಲ್ಕು ತೊಂದರೆಗಳು. ಹೆಸರು ಬದಲಿಸಿದ್ದರಿಂದ ಏನೂ ಆಗದಿದ್ದುದು ಸಹಜ. ಡಬ್ಬಿಯ ಮೇಲಿನ ಚೀಟಿ ಬದಲಾಯಿತೇ ಹೊರತು ಒಳಗಿನ ಎಸಿ3 ಎಸಿ3 ಆಗಿಯೇ ಉಳಿಯಿತು.

ಚೆಂಡೆಯ ಪೆಟ್ಟು ತಪ್ಪಿದ್ದು ನೀವು ಅನುಸರಿಸಿದ ಕ್ರಮದಿಂದ. ಕ್ಯಾಮೆರಾ ಮೂರು ಗಂಟೆ ಎಡೆಬಿಡದೆ ಒಂದೇ ಪ್ರವಾಹವನ್ನು ಬರೆಯುತ್ತದೆ. 2 ಜಿಬಿ ತುಂಬಿದೊಡನೆ, ಶಬ್ದದ ತುಣುಕೊಂದು ಮುಗಿಯಿತೇ ಇಲ್ಲವೇ ಎಂದು ನೋಡದೆ, ಮುಂದಿನದನ್ನು ಹೊಸ ಫೈಲಿಗೆ ಹಾಕುತ್ತದೆ. ಸೆಕೆಂಡಿಗೆ 17 ಮೆಗಾಬಿಟ್ ದರದಲ್ಲಿ 2 ಜಿಬಿ ತುಂಬಲು ಸುಮಾರು ಹದಿನಾರು ನಿಮಿಷ ಬೇಕು. ನಿಮ್ಮ ತಂದೆಯವರ ಬೆರಳಿನ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಆಯಿತು! ಪ್ರತಿ ತುಂಡನ್ನೂ ಬೇರೆಯಾಗಿ ಪರಿವರ್ತಿಸಿದರೆ ಆ ಅರೆಬರೆ ತುಣುಕುಗಳು ಬಿದ್ದುಹೋಗುತ್ತವೆ. ಆದ್ದರಿಂದ ಮೊದಲು ಜೋಡಿಸಿ, ಅನಂತರ ಪರಿವರ್ತಿಸಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾಪಿ ಎಂಬ ಆದೇಶಕ್ಕೆ ಓರೆಗೆರೆ ಮತ್ತು ಬಿ ಅಕ್ಷರ ಸೇರಿಸಿ, ಹನ್ನೆರಡು ಹೆಸರುಗಳನ್ನು ಕ್ರಮವಾಗಿ ಕೂಡು ಚಿಹ್ನೆಯಿಂದ ಬೆಸೆದು, ಕೊನೆಗೆ ಹೊಸ ಹೆಸರೊಂದನ್ನು ಕೊಟ್ಟರೆ ಸಾಕು. ಕ್ಯಾಮೆರಾ ಬರೆದ ಈ ಬಗೆಯ ತುಂಡುಗಳು ಹೀಗೆ ಬೈಟಿಗೆ ಬೈಟು ಸೇರಿಸಿದರೆ ಕೂಡಿಕೊಳ್ಳುತ್ತವೆ. ಎಂಪಿ4 ಫೈಲುಗಳ ಮೇಲೆ ಈ ಉಪಾಯ ನಡೆಯುವುದಿಲ್ಲ. 23 ಜಿಬಿಯ ಫೈಲು ಹುಟ್ಟುವುದರಿಂದ ಡಿಸ್ಕ್ ಎನ್‌ಟಿಎಫ್‌ಎಸ್‌ನಂತಹ, ಅಷ್ಟು ದೊಡ್ಡ ಫೈಲು ಹಿಡಿಸುವ ವಿನ್ಯಾಸದ್ದಾಗಿರಬೇಕು.

ಬಾಚಣಿಗೆಯ ಹಲ್ಲುಗಳು ಇಂಟರ್‌ಲೇಸ್ಡ್ ಚಿತ್ರೀಕರಣದ ಗುರುತು. ನಿಮ್ಮ ಕ್ಯಾಮೆರಾದ 1080ಐ ಎಂದರೆ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಬೆಸಸಾಲುಗಳು, ಮುಂದಿನ ಐವತ್ತನೇ ಭಾಗದಲ್ಲಿ ಸಮಸಾಲುಗಳು ದಾಖಲಾಗುತ್ತವೆ. ಭಾಗವತರು ಕುಳಿತು ಹಾಡುವಾಗ ಎರಡೂ ಹೊಂದಿಕೊಳ್ಳುತ್ತವೆ, ದಿಗಿಣದಲ್ಲಿ ಅಷ್ಟರೊಳಗೆ ಕೈ ಬೇರೆಡೆ ಹೋಗಿರುತ್ತದೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ವಿಭಾಗದಲ್ಲಿ ಡಿಇಂಟರ್‌ಲೇಸ್‌ಗೆ ಯಾಡಿಫ್, ಅದರ ಪ್ರಿಸೆಟ್‌ಗೆ ಬಾಬ್ ಎಂದು ಆರಿಸಿ. ಆಗ ಎರಡೂ ಬಗೆಯ ಸಾಲುಗಳಿಂದ ಬೇರೆಬೇರೆ ಚೌಕಟ್ಟುಗಳು (ಫ್ರೇಮ್‌ಗಳು) ತಯಾರಾಗಿ ಕುಣಿತದ ವೇಗ ಉಳಿಯುತ್ತದೆ. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ: 30 ಎಂದು ಕೊನೆಗೊಳ್ಳುವ ಸಿದ್ಧ ಪ್ರಿಸೆಟ್‌ಗಳು ಚೌಕಟ್ಟಿನ ದರವನ್ನು 30ಕ್ಕೆ ಕಟ್ಟಿಹಾಕುತ್ತವೆ, ಆದ್ದರಿಂದ 50 ಎಂದೂ ಸ್ಥಿರ ದರವೆಂದೂ ಕೈಯಾರೆ ಬದಲಿಸಿ. ಅಳತೆ 1280 ಗುಣಿಸು 720 ಸಾಕು. 1080ರಲ್ಲಿ 50 ಚೌಕಟ್ಟುಗಳೆಂದರೆ ಎಚ್.264 ಎಂಬ ವಿಡಿಯೊ ಸಂಕೋಚನ ವಿಧಾನದ 4.2ನೇ ಮಟ್ಟ ಬೇಕಾಗುತ್ತದೆ, ಹಳೆಯ ಟ್ಯಾಬ್ಲೆಟ್ ಅದಕ್ಕೆ ಮುಗ್ಗರಿಸಬಹುದು. ಶಬ್ದಕ್ಕೆ ಎಎಸಿ ರೂಪ, ಸೆಕೆಂಡಿಗೆ 160 ಕಿಲೋಬಿಟ್.

ಮೆಮೊರಿ ಕಾರ್ಡ್‌ನ ತಕರಾರು ಜಾಗದ್ದಲ್ಲ. 32 ಜಿಬಿ ಕಾರ್ಡ್‌ಗಳು ಎಫ್‌ಎಟಿ32 ವಿನ್ಯಾಸದಲ್ಲಿ ಬರುತ್ತವೆ, ಅದರಲ್ಲಿ ಯಾವ ಫೈಲೂ 4 ಜಿಬಿ ಮುಟ್ಟುವಂತಿಲ್ಲ. ಹ್ಯಾಂಡ್‌ಬ್ರೇಕ್‌ನಲ್ಲೇ ಸೆಕೆಂಡುಗಳ ವ್ಯಾಪ್ತಿ ಕೊಟ್ಟು ಪ್ರಸಂಗವನ್ನು ಎರಡು ಭಾಗ ಮಾಡಿ. ಕತ್ತರಿಸುವುದು ಪದ್ಯವೊಂದು ಮುಗಿದು ಮೌನ ಬಂದಲ್ಲಿ ಇರಲಿ. ಇಡೀ ರಾತ್ರಿ ಯಂತ್ರ ಓಡಿಸುವ ಮೊದಲು ಜೋರು ಕುಣಿತವಿರುವ ಎರಡು ನಿಮಿಷವನ್ನು ಮಾತ್ರ ಪರಿವರ್ತಿಸಿ, ಟ್ಯಾಬ್ಲೆಟ್‌ನಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಮೂಲ ಎಂಟಿಎಸ್ ಫೈಲುಗಳನ್ನು ಅಳಿಸಬೇಡಿ.

ಕಡಲತಡಿ

ಇಬ್ಬರಿಗೂ ಧನ್ಯವಾದಗಳು. ಎರಡು ನಿಮಿಷದ ಪರೀಕ್ಷೆ ಮೊದಲ ಸಲ ಕೆಟ್ಟಿತು; ದರವನ್ನು 50 ಮಾಡಿದ್ದೆ, ಆದರೆ ಪ್ರಿಸೆಟ್‌ನಲ್ಲಿ ಬಾಬ್ ಬದಲಿಗೆ ಡೀಫಾಲ್ಟ್ ಎಂದೇ ಬಿಟ್ಟಿದ್ದೆ. ತಿದ್ದಿದ ಮೇಲೆ ಕುಣಿತವೂ ಸರಾಗವಾಯಿತು, ಹಲ್ಲುಗಳೂ ಇಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್ ರಾತ್ರಿಯಿಡೀ ಓಡಿ ಬೆಳಗಿನ ಹೊತ್ತಿಗೆ ಎರಡು ಭಾಗಗಳನ್ನೂ ಮುಗಿಸಿತ್ತು, ಎರಡೂ 4 ಜಿಬಿಯ ಒಳಗೇ ಇವೆ. ತಂದೆಯವರು ನಿನ್ನೆ ಊಟದ ನಂತರ ಕುಳಿತು, ಮೊದಲ ಭಾಗವನ್ನು ಪೂರ್ತಿ ಕೇಳಿದರು. ಒಂದು ಕಡೆ ಮಾತ್ರ ಬೆರಳು ಎತ್ತಿದರು, ಅದು ಫೈಲಿನ ತಪ್ಪಲ್ಲವಂತೆ, ಅಂದು ಚೆಂಡೆಯವರೇ ತಪ್ಪಿದ್ದಂತೆ.