ಕಿಟಕಿ ಚೌಕಟ್ಟಿನ ‘ದಡಿ’: ಈ ಪ್ರಯೋಗ ಸರಿಯಾದೀತೇ?

ಮಾನ್ಯರೇ,

ಅಮೆರಿಕದಲ್ಲಿರುವ ನನ್ನ ತಮ್ಮನ ಮಗ 1960ರ ದಶಕದ ಪ್ರವಾಸದ ಟ್ರೇಲರ್ ಒಂದನ್ನು ಮೊದಲಿನ ರೂಪಕ್ಕೆ ತರುತ್ತಿದ್ದಾನೆ. ಅದರ ಕಿಟಕಿಗಳನ್ನು ಕಳಚಿ ಮತ್ತೆ ಕೂಡಿಸುವ ಕ್ರಮದ ಬಗ್ಗೆ, ಬಸ್ಸಿನ ಬಾಡಿ ಕಟ್ಟುವ ಹುಬ್ಬಳ್ಳಿಯ ಗೆಳೆಯರ ಸಲಹೆ ಪಡೆಯಲೆಂದು, ತನ್ನ ಇಂಗ್ಲಿಷ್ ಟಿಪ್ಪಣಿಯನ್ನು ಕನ್ನಡಕ್ಕೆ ತಂದುಕೊಡುವಂತೆ ನನ್ನನ್ನು ಕೇಳಿದ್ದಾನೆ. ನಮ್ಮ ಕಡೆ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಗೋವಿನಜೋಳವನ್ನೋ ಹತ್ತಿಯನ್ನೋ ಹೇರುವ ತೆರೆದ ಗಾಡಿ. ಇದಾದರೋ ಕಾರಿನ ಹಿಂದೆ ಕಟ್ಟಿ ಎಳೆಯುವ, ಮಲಗಲು ಮತ್ತು ಅಡುಗೆ ಮಾಡಲು ಅನುಕೂಲವಿರುವ ಪುಟ್ಟ ಮನೆ. ಆದ್ದರಿಂದ ‘ಪ್ರವಾಸದ ಟ್ರೇಲರ್’ ಎಂದೇ ಬರೆದಿದ್ದೇನೆ. ‘ಕ್ಯಾರವಾನ್’ ಎಂದರೆ ಸಿನಿಮಾ ನಟರ ಬಸ್ಸು ಕಣ್ಣಿಗೆ ಬರುತ್ತದೆ.

ಮೊದಲ ತೊಡಕು ‘ಫ್ರೇಮ್’ ಎಂಬ ಪದದ್ದು. ಗಾಲಿಯ ಮೇಲಿನ ಉಕ್ಕಿನ ತಳಕ್ಕೂ, ಗೋಡೆಯೊಳಗಿನ ಮರದ ರಿಪೀಸುಗಳ ಜೋಡಣೆಗೂ, ಗಾಜು ಹಿಡಿಯುವ ಅಲ್ಯೂಮಿನಿಯಂ ಕಟ್ಟಿಗೂ ಇಂಗ್ಲಿಷಿನಲ್ಲಿ ಅದೇ ಪದ ನಡೆಯುತ್ತದೆ. ಮೂರಕ್ಕೂ ‘ಚೌಕಟ್ಟು’ ಎಂದು ಬರೆದರೆ ‘ಚೌಕಟ್ಟಿಗೆ ಚೌಕಟ್ಟನ್ನು ಬಿಗಿಯಿರಿ’ ಎಂಬಂಥ ವಾಕ್ಯ ಹುಟ್ಟುತ್ತದೆ, ಅದನ್ನು ಓದಿ ಯಾರೂ ಸ್ಕ್ರೂ ಹಾಕಲಾರರು. ತಳಕ್ಕೆ ಗ್ಯಾರೇಜಿನವರ ‘ಚಾಸಿ’ ಸಾಕು. ಗೋಡೆಯೊಳಗಿನದಕ್ಕೆ ‘ಹಂದರ’ ಎಂದಿದ್ದೇನೆ. ‘ಎಲುಬಿನ ಹಂದರ’ ಎನ್ನುವ ನಮಗೆ ಅದು ಹೊಸದಲ್ಲ. ಏರ್‌ಸ್ಟ್ರೀಮ್ ಕಂಪನಿಯ 1936ರ ಕ್ಲಿಪ್ಪರ್‌ನಂಥ, ಅಲ್ಯೂಮಿನಿಯಂ ಹೊದಿಕೆಯನ್ನು ರಿವೆಟ್ ಹೊಡೆದು ಕೂಡಿಸಿದ ಟ್ರೇಲರುಗಳ ಒಳಗಟ್ಟಿಗೂ ಈ ಮಾತು ಒಪ್ಪುತ್ತದೆ. ‘ಚೌಕಟ್ಟು’ ಕಿಟಕಿಗೆ ಮಾತ್ರ ಉಳಿಯಲಿ. ಈ ಟ್ರೇಲರಿನ ಕಿಟಕಿಗಳ ಮೂಲೆಗಳು ದುಂಡಾಗಿದ್ದರೂ ಅಡ್ಡಿಯಿಲ್ಲ, ‘ಕಾನೂನಿನ ಚೌಕಟ್ಟು’ ಎನ್ನುವವರು ಯಾರೂ ಮೂಲೆಗಳನ್ನು ಎಣಿಸುವುದಿಲ್ಲ.

ಕ್ರಿಯಾಪದದಲ್ಲೂ ಎಚ್ಚರ ಬೇಕೆಂದು ನನಗನಿಸುತ್ತದೆ. ಮನೆ ಕಟ್ಟುವಾಗ ಬಡಿಗೇರರು ಚೌಕಟ್ಟನ್ನು ‘ನಿಲ್ಲಿಸುತ್ತಾರೆ’, ಅದು ನಿಂತ ಮೇಲೆ ಅದರ ಸುತ್ತ ಗೋಡೆ ಏಳುತ್ತದೆ. ಟ್ರೇಲರಿನಲ್ಲಿ ಗೋಡೆ ಮೊದಲೇ ಇರುತ್ತದೆ. ಅದರಲ್ಲಿ ಕತ್ತರಿಸಿದ ತೆರವಿಗೆ ಚೌಕಟ್ಟನ್ನು ಹೊರಗಿನಿಂದ ತಂದು ಇಡಬೇಕು. ಇದಕ್ಕೆ ನಮ್ಮ ಧಾರವಾಡದ ‘ಕೂಡಿಸು’ ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಕುಳ್ಳಿರಿಸುವುದು ಮತ್ತು ಜೋಡಿಸುವುದು ಎಂಬ ಎರಡೂ ಅರ್ಥ ಅದರಲ್ಲಿವೆ. ಮೈಸೂರು ಕಡೆಯ ಓದುಗರಿಗೆ ಮೊದಲನೆಯ ಅರ್ಥ ತಟ್ಟನೆ ಹೊಳೆಯದಿದ್ದರೂ ಎರಡನೆಯದರಿಂದ ಕೆಲಸ ಕೆಡುವುದಿಲ್ಲ.

ನನ್ನ ಮುಖ್ಯ ಪ್ರಶ್ನೆ ಇನ್ನು ಮುಂದಿನದು. ಚೌಕಟ್ಟಿನಿಂದ ಹೊರಕ್ಕೆ ಸುತ್ತಲೂ ಚಾಚಿಕೊಂಡು, ಗೋಡೆಯ ತಗಡಿನ ಮೇಲೆ ಒರಗುವ ಚಪ್ಪಟೆ ಭಾಗವನ್ನು ಇಂಗ್ಲಿಷಿನಲ್ಲಿ ಫ್ಲ್ಯಾಂಜ್ ಎನ್ನುತ್ತಾರೆ. ಸ್ಕ್ರೂಗಳು ಬೀಳುವುದು ಅದರ ಮೇಲೆ, ನೀರು ತಡೆಯುವ ಬ್ಯೂಟೈಲ್ ಪಟ್ಟಿ, ಅಂದರೆ ಅಂಟುವ ಮೆತ್ತನೆಯ ರಬ್ಬರಿನ ಪಟ್ಟಿ, ಇರುವುದು ಅದರ ಅಡಿಯಲ್ಲಿ. ಇದನ್ನು ‘ಅಂಚು’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅಂಚು ಎಂದರೆ ಕೊನೆಯ ಗೆರೆ. ‘ಅಂಚಿಗೆ ಸೀಲ್ ಮಾಡಿ’ ಎಂದು ಓದಿದವನು ಹೊರಗೆರೆಯ ಸುತ್ತ ಸಿಲಿಕೋನ್ ಅಂಟನ್ನು ಎಳೆದುಬಿಟ್ಟಾನು. ಆಗ ಮೇಲಿನ ಸ್ಕ್ರೂ ತೂತಿನಿಂದಲೋ ಸಂದಿನಿಂದಲೋ ಒಳಸೇರಿದ ಮಳೆನೀರಿಗೆ ಕೆಳಗಡೆ ಹೊರಬೀಳಲು ದಾರಿಯಿರುವುದಿಲ್ಲ, ಅದು ಹಂದರಕ್ಕೆ ಇಳಿದು ಮರ ಕೊಳೆಯುತ್ತದೆ. ಸಾಲದ್ದಕ್ಕೆ, ಸಿಲಿಕೋನ್ ಉಳಿದ ಜಾಗದಲ್ಲಿ ಮುಂದೆ ಬಣ್ಣವಾಗಲಿ ಬೇರೆ ಅಂಟಾಗಲಿ ಸರಿಯಾಗಿ ಹಿಡಿಯುವುದಿಲ್ಲ. ಬ್ಯೂಟೈಲ್ ಹಾಗಲ್ಲ. ಅದು ವರ್ಷಗಟ್ಟಲೆ ಮೆತ್ತಗೇ ಇರುತ್ತದೆ. ಎದುರುಬದುರಿನ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಹೋದಂತೆ ಪಟ್ಟಿ ಒತ್ತಿಕೊಂಡು ಸಂದೆಲ್ಲ ತುಂಬಿ, ಹೆಚ್ಚಾದದ್ದು ಹೊರಗೆ ಉಕ್ಕುತ್ತದೆ, ಅದನ್ನು ಕತ್ತರಿಸಿ ತೆಗೆಯಬೇಕು. ಆದ್ದರಿಂದ ಈ ಭಾಗಕ್ಕೆ ಅಗಲವೂ ಅಡಿಯೂ ಇದೆ ಎಂಬುದನ್ನು ಪದವೇ ಹೇಳಬೇಕು.

ನನಗೆ ಹೊಳೆದದ್ದು ‘ದಡಿ’. ಗದಗ-ಬೆಟಗೇರಿಯ ನೇಕಾರರಾಗಲಿ ಇಳಕಲ್ಲಿನವರಾಗಲಿ ಸೀರೆಯ ದಡಿ ಎಂದಾಗ ಅದು ಬರಿಯ ಗೆರೆಯಲ್ಲ. ಅಳೆಯಬಹುದಾದ ಅಗಲವುಳ್ಳ, ಮೈಯೊಂದಿಗೇ ನೇಯ್ದುಬಂದ ಭಾಗ. ಚೌಕಟ್ಟಿನೊಂದಿಗೆ ಫ್ಲ್ಯಾಂಜಿಗಿರುವ ಸಂಬಂಧವೂ ಇದೇ. ‘ದಡಿಯ ಅಡಿಗೆ ಬ್ಯೂಟೈಲ್ ಪಟ್ಟಿಯನ್ನು ಎಲ್ಲೂ ಕಡಿಯದಂತೆ ಸುತ್ತಲೂ ಇಡಿರಿ, ದಡಿಯ ತೂತುಗಳಿಗೆ ಸ್ಟೇನ್‌ಲೆಸ್ ಸ್ಕ್ರೂಗಳನ್ನೇ ಹಾಕಿರಿ’ ಎಂದು ಬರೆದು ಗಟ್ಟಿಯಾಗಿ ಓದಿಕೊಂಡಾಗ ನನಗೆ ತೊಡಕೆನಿಸಲಿಲ್ಲ. ಬಟ್ಟೆಯ ಮಾತನ್ನು ಲೋಹಕ್ಕೆ ತಂದರೆ ಕೆಲಸಗಾರರ ಕಿವಿಗೆ ಹೇಗೆ ಕೇಳಿಸೀತು ಎಂಬುದಷ್ಟೇ ನನ್ನ ಅನುಮಾನ.

ಇನ್ನೊಂದು ಸಣ್ಣ ವಿಷಯ. ಒಳಸೇರಿದ ನೀರು ಹೊರಹೋಗಲೆಂದು ಚೌಕಟ್ಟಿನ ಕೆಳಪಟ್ಟಿಯಲ್ಲಿ ಬಿಟ್ಟಿರುವ ತೂತುಗಳಿಗೆ ‘ನೀರ್ಗಿಂಡಿ’ ಎಂದರೆ ‘ಬೆಳಕಿಂಡಿ’ಗೆ ಜೊತೆಯಾದೀತು ನಿಜ, ಆದರೆ ನೀರು ತುಂಬುವ ಗಿಂಡಿಯ ನೆನಪಾಗುವುದರಿಂದ ಅದನ್ನು ಕೈಬಿಟ್ಟು ‘ನೀರಿನ ಕಿಂಡಿ’ ಎಂದು ಬಿಡಿಸಿಯೇ ಬರೆದಿದ್ದೇನೆ.

ಬಸ್ಸಿನ ಬಾಡಿ ಕೆಲಸದಲ್ಲೋ ಅಲ್ಯೂಮಿನಿಯಂ ಕಿಟಕಿಗಳ ಕೆಲಸದಲ್ಲೋ ಇರುವವರ ಬಾಯಲ್ಲಿ ಈ ಚಾಚಿದ ಭಾಗಕ್ಕೆ ಬೇರೆ ಹೆಸರು ಈಗಾಗಲೇ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿರಿ. ಅಂಥ ಪದ ಸಿಕ್ಕರೆ ‘ದಡಿ’ಯನ್ನು ಬಿಟ್ಟು ಅದನ್ನೇ ಹಾಕುತ್ತೇನೆ.