'ಅಡ್ಡೆ' ಎಂದರೆ ಬರೀ ಕೆಟ್ಟ ಜಾಗವೇ?

ಗೆಳೆಯರೇ, ನಮಸ್ಕಾರ.

'ಪೀಟರ್ ಗನ್' ಎಂಬ ಹಳೆಯ ಅಮೆರಿಕನ್ ಟಿವಿ ಸರಣಿಯ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದ ಸಿಗುತ್ತಿಲ್ಲ.

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದು ಬ್ಲೇಕ್ ಎಡ್ವರ್ಡ್ಸ್ ರೂಪಿಸಿದ ಸರಣಿ. 1958ರಿಂದ 1961ರವರೆಗೆ ಬಂತು. ಕಪ್ಪು ಬಿಳುಪು, ಅರ್ಧ ಗಂಟೆಯ 114 ಕಂತುಗಳು. ಕ್ರೇಗ್ ಸ್ಟೀವನ್ಸ್ ಖಾಸಗಿ ಪತ್ತೇದಾರ ಗನ್ ಆಗಿ ನಟಿಸಿದ್ದಾರೆ. ಈ ಗನ್‌ನನ್ನು ಹುಡುಕಬೇಕಾದರೆ 'ಮದರ್ಸ್' ಎಂಬ ಜಾಜ್ ಕ್ಲಬ್ಬಿಗೆ ಹೋಗಬೇಕು, ಅದು ಬಂದರಿನ ಹತ್ತಿರ ಇರುವ ಹೊಗೆ ತುಂಬಿದ ಜಾಗ, ಅದೇ ಅವನ ಆಫೀಸು ಇದ್ದ ಹಾಗೆ. ಒಡತಿಯನ್ನು ಎಲ್ಲರೂ 'ಮದರ್' ಅಂತಲೇ ಕರೆಯುತ್ತಾರೆ. ಗನ್‌ನ ಪ್ರೇಯಸಿ ಈಡಿ ಹಾರ್ಟ್ ಅಲ್ಲೇ ಹಾಡುತ್ತಾಳೆ.

ಅವನಿಗೂ ಆ ಕ್ಲಬ್ಬಿಗೂ ಇರುವ ನಂಟನ್ನು ಒಂದೇ ಮಾತಿನಲ್ಲಿ ಹೇಳಬೇಕು. 'ಮದರ್ಸ್ ಅವನ ಅಡ್ಡೆ' ಎಂದು ಬರೆದು ನೋಡಿದೆ. ಆದರೆ ಪತ್ರಿಕೆಗಳಲ್ಲಿ ಅಡ್ಡೆ ಎಂದರೆ ಜೂಜು ಅಡ್ಡೆ, ಇಸ್ಪೀಟ್ ಅಡ್ಡೆ, ಪೊಲೀಸರು ದಾಳಿ ಮಾಡುವ ಜಾಗ. ಓದುವವರು ಗನ್‌ನನ್ನೇ ಕಳ್ಳ ಅಂದುಕೊಳ್ಳುತ್ತಾರೆ, ಅದರಲ್ಲೂ ಅಪರಾಧದ ಕತೆ ಬೇರೆ. 'ಅಡ್ಡಾ' ಎಂದು ದೀರ್ಘ ಮಾಡಿದರೆ ಸ್ವಲ್ಪ ಮೆತ್ತಗಾಗುತ್ತದೆ, ಹುಡುಗರು 'ಇದು ನಮ್ ಅಡ್ಡಾ' ಅಂತಾರಲ್ಲ, ಅಲ್ಲಿ ಪೊಲೀಸರ ನೆರಳಿಲ್ಲ.

'ಠಿಕಾಣಿ ಹೂಡಿದ' ಎಂದರೆ ಬಂದವನು ಏಳಲೇ ಇಲ್ಲ ಎಂಬ ಬೇಸರ ಸೇರಿಕೊಳ್ಳುತ್ತದೆ. ಮದರ್‌ಗೆ ಅವನ ಮೇಲೆ ಬೇಸರವೇನೂ ಇಲ್ಲ. 'ಬೀಡುಬಿಟ್ಟ' ಎಂದರೆ ಸೈನ್ಯವೋ ಕಾಡಾನೆಯೋ ಬಂದ ಹಾಗೆ ಕೇಳುತ್ತದೆ. 'ಹರಟೆಕಟ್ಟೆ'ಯಲ್ಲಿ ಕೆಲಸವೇ ಇಲ್ಲ, ಗನ್‌ಗೆ ಕೆಲಸ ಬರುವುದೇ ಇಲ್ಲಿಗೆ.

'ಕ್ಲಬ್' ಪದವೂ ಸಲೀಸಲ್ಲ. ಹಿಂದಿನವರಿಗೆ ಕಾಫಿ ಕ್ಲಬ್ ಎಂದರೆ ಹೋಟೆಲು. ಈಗ 'ಕ್ಲಬ್ಬಿಗೆ ಹೋಗ್ತಾನೆ' ಎಂದರೆ ಇಸ್ಪೀಟಾಡಲು ಎಂದೇ ಜಾಸ್ತಿ ಜನ ತಿಳಿಯುತ್ತಾರೆ. 'ಜಾಜ್ ಕ್ಲಬ್' ಎಂದು ಪೂರ್ತಿ ಬರೆದರೆ ಸಾಕು ಅನಿಸುತ್ತದೆ.

ಜೊತೆಗೆ ಇನ್ನೊಂದು. ಹೆನ್ರಿ ಮ್ಯಾನ್ಸಿನಿಯ ಸಂಗೀತ ಈ ಸರಣಿಯ ಜೀವ. ಆ ಸಂಗೀತದ ಆಲ್ಬಂಗೆ 1959ರಲ್ಲಿ, ಮೊಟ್ಟಮೊದಲ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ, ವರ್ಷದ ಆಲ್ಬಂ ಪ್ರಶಸ್ತಿ ಬಂತು. ಅದನ್ನು 'ಹಿನ್ನೆಲೆ ಸಂಗೀತ' ಎನ್ನಲು ನನಗೆ ಮನಸ್ಸಿಲ್ಲ. ಎಷ್ಟೋ ಸಲ ವಾದ್ಯದವರು ಕಣ್ಣೆದುರೇ ಕೂತು ನುಡಿಸುತ್ತಿರುತ್ತಾರೆ, ಅದು ಹಿಂದೆ ಎಲ್ಲಿದೆ? ಸದ್ಯಕ್ಕೆ 'ಸಂಗೀತ' ಎಂದಷ್ಟೇ ಬರೆದಿದ್ದೇನೆ.

ಅಡ್ಡೆಯ ಜಾಗದಲ್ಲಿ ಸದ್ಯ 'ಅವನು ಯಾವಾಗಲೂ ಸಿಗುವ ಜಾಗ' ಎಂದಿಟ್ಟಿದ್ದೇನೆ. ಅರ್ಥ ಸರಿ, ಆದರೆ ಉದ್ದ, ಪ್ರತಿ ಪ್ಯಾರಾದಲ್ಲೂ ಬರೆಯಲಾಗದು. ಮೂರನೇ ಸೀಸನ್ನಿನಲ್ಲಿ ಈಡಿ 'ಈಡೀಸ್' ಎಂಬ ತನ್ನದೇ ಜಾಗ ತೆರೆಯುತ್ತಾಳೆ, ಅದಕ್ಕೂ ಒಪ್ಪುವ ಪದ ಬೇಕು. 'ಕಾಯಂ ಜಾಗ' ನಡೆಯುತ್ತದಾ? ನನಗೆ ಅದು ಸ್ವಲ್ಪ ಸರ್ಕಾರಿ ನೌಕರಿಯ ಹಾಗೆ ಕೇಳುತ್ತದೆ.

ಕಲಬುರಗಿ, ರಾಯಚೂರು ಕಡೆಯವರು ದಯವಿಟ್ಟು ಹೇಳಿ: ಆಟೋದವರು, ಕೂಲಿಯವರು ಸೇರುವ ಜಾಗವನ್ನು ನಿಮ್ಮಲ್ಲಿ ಅಡ್ಡಾ ಅಂತಾರಾ? ಅಲ್ಲಿ ಆ ಪದಕ್ಕೆ ಕೆಟ್ಟ ಅರ್ಥ ಇಲ್ಲವೆಂದಾದರೆ ನಾನು ಧೈರ್ಯವಾಗಿ ಅದನ್ನೇ ಬಳಸುತ್ತೇನೆ.