ಸೂಕ್ಷ್ಮ ಶಸ್ತ್ರಚಿಕಿತ್ಸೆಯ ಸಾಮರ್ಥ್ಯವನ್ನು ಹವ್ಯಾಸಗಳಿಂದ ಅಳೆಯಬಹುದೇ?

ಪ್ರಶ್ನೆ:
ನಾನು ಶಸ್ತ್ರಚಿಕಿತ್ಸಾ ತರಬೇತಿಯ ಮೊದಲ ವರ್ಷದಲ್ಲಿದ್ದೇನೆ. ಸಹಪಾಠಿಗಳಲ್ಲಿ ಪಿಟೀಲು ನುಡಿಸುವವರೂ ಕಸೂತಿ ಹಾಕುವವರೂ ಇದ್ದಾರೆ. ನನಗೆ ಅಂತಹ ಯಾವ ಕೈಕೆಲಸವೂ ಬಾರದು. ಸೂಕ್ಷ್ಮದರ್ಶಕದಡಿ ರಕ್ತನಾಳಗಳನ್ನು ಜೋಡಿಸುವ ವಿಭಾಗವನ್ನು ಆರಿಸಿಕೊಳ್ಳಬೇಕೆಂಬ ಆಸೆಯಿರುವ ನನಗೆ ಇದು ನಿಜವಾದ ಕೊರತೆಯೇ?

ಉತ್ತರ 1:
2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 33 ವೈದ್ಯರನ್ನು ಒಳಗೊಂಡ ಅಧ್ಯಯನವೊಂದರಲ್ಲಿ, ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ವಿಡಿಯೊ ಗೇಮ್ ಆಡಿದ್ದವರು ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ನೋಡುತ್ತ ಮಾಡುವ ಶಸ್ತ್ರಚಿಕಿತ್ಸೆ) ಅಭ್ಯಾಸದಲ್ಲಿ ಶೇ. 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಆದರೆ ಆಟದಿಂದ ಕೈ ಪಳಗಿತೋ, ಪಳಗುವ ಕೈಯುಳ್ಳವರೇ ಆಟಕ್ಕೆ ಒಲಿದರೋ ಎಂಬುದನ್ನು ಅಂತಹ ಹೋಲಿಕೆ ಬಿಡಿಸಿ ಹೇಳಲಾರದು. ಅಲ್ಲದೆ, ಅಲ್ಲಿ ಅಳೆದದ್ದು ಅಭ್ಯಾಸದ ಕೆಲಸವನ್ನೇ ಹೊರತು ರೋಗಿಯ ಚೇತರಿಕೆಯನ್ನಲ್ಲ.

ಉತ್ತರ 2:
ರಕ್ತನಾಳಗಳ ಹೊಲಿಗೆಗಾಗಿ 1912ರಲ್ಲಿ ನೊಬೆಲ್ ಪಡೆದ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್, ಫ್ರಾನ್ಸ್‌ನ ಲಿಯಾನ್ ನಗರದ ಕಸೂತಿಗಾರ್ತಿಯೊಬ್ಬರ ಬಳಿ ಸೂಜಿಯ ಕೆಲಸ ಕಲಿತರು. ವೈದ್ಯಕೀಯ ಪದವಿಯತ್ತ ಸಾಗಿದ ಮೇಲೆ, ಬೇಕೆಂದೇ ಕಲಿತ ವಿದ್ಯೆ ಅದು, ಬಾಲ್ಯದ ಹವ್ಯಾಸವಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚದು.

ಉತ್ತರ 3:
ಕೈನಡುಕ ಎಲ್ಲರಿಗೂ ಸ್ವಲ್ಪ ಇರುತ್ತದೆ. ಮಣಿಕಟ್ಟಿಗೆ ಆಸರೆ ಕೊಟ್ಟು, ಉಸಿರನ್ನು ಬಿಗಿಹಿಡಿಯದೆ ಕೂರುವುದನ್ನು ಕಲಿತ ಮೇಲೆ ನನ್ನ ಹೊಲಿಗೆಯ ಗಂಟುಗಳು ಸುಧಾರಿಸಿದವು. ರಬ್ಬರ್ ಕೈಗವಸಿನ ತುಂಡಿನ ಮೇಲೆ ಹೊಲಿಯುತ್ತ ಆರಂಭಿಸಿ. ಕೆಲವು ವಾರಗಳ ಬಳಿಕ ನಿಮ್ಮ ಮೊದಲ ಹೊಲಿಗೆಗಳ ಪಕ್ಕದಲ್ಲಿ ಹೊಸವನ್ನಿಟ್ಟು ಮಾರ್ಗದರ್ಶಕರಿಗೆ ತೋರಿಸಿ.